ಐವತ್ತು ದಾಟಿದ ಗಾಡಿಗೆ ತೆರಿಗೆ ಬೇಡ

ಹಿಂದೂಪುರ, ಕಲ್ಯಾಣದುರ್ಗ ಕಡೆಯ ಹಳೆಯ ಮನೆಗಳಲ್ಲಿ ತಾತನ ಕಾಲದ ಅಂಬಾಸಿಡರ್ ಕಾರೋ ಮೈಸೂರಿನ ಜಾವಾ ಬೈಕೋ ಉಳಿದಿದ್ದರೆ, ಗುಜರಿಗೆ ಹಾಕುವ ಮುನ್ನ ಒಂದು ನಿಯಮ ತಿಳಿದಿರಲಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಕಾರು, ಬೈಕುಗಳನ್ನು ‘ವಿಂಟೇಜ್’ ಎಂದು ಗುರುತಿಸಿತು. ‘ವಿಎ’ ಅಕ್ಷರಗಳ ನಂಬರ್, ಹತ್ತು ವರ್ಷದ ನೋಂದಣಿ. ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000.

ರೋಲ್ಸ್ ರಾಯ್ಸ್ ಸಾಕುವವರಿಗೆ ಇದು ಲೆಕ್ಕಕ್ಕಿಲ್ಲ. 1960ರ ದಶಕದ ಜಾವಾವನ್ನು ಪ್ರೀತಿಯಿಂದ ಕಾಪಾಡಿಕೊಂಡ ರೈತನಿಗೆ, ಮೆಕ್ಯಾನಿಕ್ಕಿಗೆ ಇದೇ ದೊಡ್ಡ ಹೊರೆ. ಅದರ ಮೇಲೆ ರಸ್ತೆ ತೆರಿಗೆಯೂ ಬೀಳಬಾರದು. ಈ ವಾಹನಗಳನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ, ದುರಸ್ತಿಗಷ್ಟೇ ರಸ್ತೆಗಿಳಿಯಬೇಕು. ರಸ್ತೆಯನ್ನು ಅಷ್ಟಾಗಿ ಸವೆಸದ ಗಾಡಿಯಿಂದ ರಸ್ತೆಯ ಹೆಸರಿನಲ್ಲಿ ಹಣ ಕೇಳುವುದು ನ್ಯಾಯವಲ್ಲ. ಬ್ರಿಟನ್ನಿನಲ್ಲಿ ವಾಣಿಜ್ಯಕ್ಕೆ ಬಳಸದ, 40 ವರ್ಷ ದಾಟಿದ ವಾಹನಗಳಿಗೆ ಈ ತೆರಿಗೆಯ ವಿನಾಯಿತಿ ಇದೆ.

ಗಡಿನಾಡಿನ ಕಷ್ಟ ಬೇರೆಯೇ. ಗೌರಿಬಿದನೂರಿನಲ್ಲೋ ಪಾವಗಡದಲ್ಲೋ ಇರುವ ನೆಂಟರಿಂದ ಬಂದ ಕರ್ನಾಟಕದ ಗಾಡಿ 12 ತಿಂಗಳು ಮೀರಿ ಇಲ್ಲೇ ನಿಂತರೆ ಆಂಧ್ರದ ನಂಬರ್ ಪಡೆಯಬೇಕು. ಶುಲ್ಕ ಇಳಿಸುವುದು ದೆಹಲಿಯ ಕೈಯಲ್ಲಿದೆ. ವಾಹನ ತೆರಿಗೆ ಮಾತ್ರ ಸಂವಿಧಾನದ ಪ್ರಕಾರ ರಾಜ್ಯಗಳದ್ದೇ ಅಧಿಕಾರ. ಆಂಧ್ರ, ಕರ್ನಾಟಕ ಎರಡೂ ಸರ್ಕಾರಗಳು ‘ವಿಎ’ ವಾಹನಗಳಿಗೆ ಪೂರ್ಣ ವಿನಾಯಿತಿಯ ಸ್ಪಷ್ಟ ಆದೇಶ ಹೊರಡಿಸಿ, ಒಬ್ಬರದನ್ನು ಇನ್ನೊಬ್ಬರು ಮಾನ್ಯ ಮಾಡಲಿ.