ಉಜ್ಜಿದಷ್ಟೂ ಸವೆಯುವ ಹೊಳಪು

ಆಯುಧಪೂಜೆ ಹತ್ತಿರ ಬಂತೆಂದರೆ ನಮ್ಮ ಬೀದಿಯಲ್ಲಿ ಬಕೆಟ್ಟುಗಳ ಸದ್ದು ಶುರುವಾಗುತ್ತದೆ. ಸೈಕಲ್ಲು, ಸ್ಕೂಟರು, ಆಟೋ, ಕಾರು ಎಲ್ಲಕ್ಕೂ ಅಭ್ಯಂಜನ. ನಮ್ಮ ಮನೆಯ ಕೆಂಪು ಕಾರಿಗೂ ಪ್ರತಿ ವರ್ಷ ಅದೇ ಸಂಭ್ರಮ. 1996ರಲ್ಲಿ ಬ್ಯಾಂಕಿನ ನೌಕರರ ಸಾಲ ತೆಗೆದು ಕೊಂಡ ಪುಟ್ಟ ಕಾರದು. ಸಾಲ ತೀರಿ ಎಷ್ಟೋ ಕಾಲವಾಯಿತು, ಪ್ರೀತಿ ತೀರಿಲ್ಲ.

ಈ ಸಲ ಎಂಟನೇ ತರಗತಿಯ ಮೊಮ್ಮಗಳು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು ತೀರ್ಪು ಕೊಟ್ಟಳು: "ತಾತ, ಇದು ಕೆಂಪು ಕಾರಲ್ಲ, ರೋಸ್‌ಮಿಲ್ಕ್ ಕಾರು. ಅಂಗಡಿಗೆ ಕೊಟ್ಟು ಪಾಲಿಶ್ ಮಾಡಿಸೋಣ."

ನನಗೆ ಸ್ವಲ್ಪ ಬೇಸರವೇ ಆಯಿತು. ಏಕೆಂದರೆ ತಿಂಗಳಿಗೊಮ್ಮೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ, ಹಳೆಯ ಬನಿಯನ್ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತರುತ್ತಿದ್ದವನು ನಾನೇ. ಇಷ್ಟು ವರ್ಷದ ಬೆವರಿಗೆ ಸಿಕ್ಕ ಬಿರುದು ರೋಸ್‌ಮಿಲ್ಕ್! ಸರಿ, ಅದೂ ಆಗಲಿ ಎಂದು ರಿಂಗ್ ರಸ್ತೆಯ ಪಕ್ಕದ ಒಂದು ಡೀಟೇಲಿಂಗ್ ಅಂಗಡಿಗೆ ಇಬ್ಬರೂ ಹೋದೆವು.

ಡೀಟೇಲಿಂಗ್ ಎಂದರೆ ಬರೀ ನೀರು ಹಾಕಿ ತೊಳೆಯುವುದಲ್ಲ. ಮೈಗೆ ಅಂಟಿದ ಟಾರು, ಕಬ್ಬಿಣದ ಪುಡಿ ತೆಗೆಯುವುದು, ಗೀರು ಮರೆಮಾಡುವುದು, ಬಣ್ಣದ ಮೇಲೆ ರಕ್ಷಣೆಯ ಪದರ ಹಾಕುವುದು, ಒಳಗಿನ ಸೀಟು, ಡ್ಯಾಶ್‌ಬೋರ್ಡು ಶುದ್ಧ ಮಾಡುವುದು ಎಲ್ಲವೂ ಅದರಲ್ಲಿ ಸೇರಿದೆ. ಅಂಗಡಿ ಇಟ್ಟವನಿಗೆ ಮೂವತ್ತರ ಆಸುಪಾಸು. ಅವನು ಪಾಲಿಶ್ ಯಂತ್ರ ತರುತ್ತಾನೆಂದು ನಾವು ಕಾದರೆ, ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಒಂದು ಉಪಕರಣ ತಂದ. ಡಾಕ್ಟರು ಸ್ಟೆತಾಸ್ಕೋಪ್ ಇಡುವ ಹಾಗೆ ಕಾರಿನ ಮೈಮೇಲೆ ಅಲ್ಲಲ್ಲಿ ಇಟ್ಟು, ಬಂದ ಸಂಖ್ಯೆಯನ್ನು ಓದುತ್ತಾ ಹೋದ. ಮೊಮ್ಮಗಳು ಬರೆದುಕೊಂಡಳು. ಚಾವಣಿ 110. ಬಾಗಿಲು 96. ಬಾನೆಟ್ ನಡುವೆ 62. ಬಾನೆಟ್ಟಿನ ಅಂಚಿನ ಏಣಿನಲ್ಲಿ 38.

"ಏನಣ್ಣ ಇದು, ಮಾರ್ಕ್ಸಾ?" ಎಂದಳು.

"ಮೈಕ್ರಾನ್ ಪುಟ್ಟಾ. ಬಣ್ಣ ಎಷ್ಟು ದಪ್ಪ ಇದೆ ಅಂತ ಈ ಮೀಟರ್ ಹೇಳುತ್ತೆ" ಎಂದವನು ನನ್ನ ಕಡೆ ತಿರುಗಿ, "ಸರ್, ಬಾನೆಟ್ಟನ್ನ ಮನೇಲೇ ಉಜ್ಜುತ್ತಿದ್ರಾ?" ಎಂದು ಕೇಳಿದ.

"ಹೌದಪ್ಪ, ನಾನೇ."

"ಬಟ್ಟೆಗೆ ಕೆಂಪು ಹತ್ತುತ್ತಿತ್ತಾ?"

"ಹತ್ತುತ್ತಿತ್ತು. ಒಳ್ಳೇ ಕೊಳೆ ಬಿಡ್ತಾ ಇದೆ ಅಂತ ಇನ್ನಷ್ಟು ಉಜ್ಜುತ್ತಿದ್ದೆ."

"ಅದು ಕೊಳೆ ಅಲ್ಲ ಸರ್. ಬಣ್ಣ."

ಮಕ್ಕಳೇ, ಆ ಮಾತು ಕೇಳಿ ಕ್ಯಾಷ್ ಕೌಂಟರಿನಲ್ಲಿ ಸಂಜೆ ಲೆಕ್ಕಕ್ಕೆ ದುಡ್ಡು ಕಡಿಮೆ ಬಂದಾಗ ಆಗುವಂತೆ ಹೊಟ್ಟೆಯೊಳಗೆ ಒಂದು ತರಹ ಆಯಿತು.

ಮೈಕ್ರಾನ್ ಎಂದರೆ ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದಾಗ ಸಿಗುವ ಒಂದು ಭಾಗ. ಇದನ್ನು ಕಣ್ಣಿಗೆ ತಂದುಕೊಳ್ಳಲು ಸುಲಭದ ಲೆಕ್ಕ ಇದೆ. ಝೆರಾಕ್ಸ್ ಅಂಗಡಿಯಲ್ಲಿ 500 ಹಾಳೆಯ ಕಟ್ಟಿಗೆ ಸ್ಕೇಲ್ ಹಿಡಿದು ನೋಡಿ. ಸುಮಾರು 5 ಸೆಂಟಿಮೀಟರ್, ಅಂದರೆ 50 ಮಿಲಿಮೀಟರ್ ಇರುತ್ತದೆ. ಅದನ್ನು 500ರಿಂದ ಭಾಗಿಸಿ. ಒಂದು ಹಾಳೆ 0.1 ಮಿಲಿಮೀಟರ್, ಅಂದರೆ 100 ಮೈಕ್ರಾನ್. ಕಾರ್ಖಾನೆಯಿಂದ ಬರುವ ಕಾರಿನ ಬಣ್ಣದ ಒಟ್ಟು ದಪ್ಪ ಹೆಚ್ಚುಕಡಿಮೆ ಅಷ್ಟೇ! ಬಿಸಿಲು, ಮಳೆ, ಧೂಳು, ತುಕ್ಕು ಇಷ್ಟಕ್ಕೂ ಅಡ್ಡ ನಿಂತಿರುವುದು ಒಂದು ಹಾಳೆಯಷ್ಟು ದಪ್ಪದ ಬಣ್ಣ.

ಆ ಒಂದು ಹಾಳೆಯಲ್ಲೂ ಪದರಗಳಿವೆ. ತಗಡಿಗೆ ತುಕ್ಕು ಹಿಡಿಯದಂತೆ ತಳದಲ್ಲಿ ಪ್ರೈಮರು, ಅದರ ಮೇಲೆ ಬಣ್ಣ, ಈಗಿನ ಕಾರುಗಳಲ್ಲಿ ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪಾರದರ್ಶಕ ಪದರ. ಇದು ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ನಮ್ಮ ತಲೆಗೂದಲಿಗಿಂತ ತೆಳು. ನಮ್ಮ ಹಳೆಯ ಕಾರಿಗೆ ಆ ಮೇಲಿನ ಪದರವೇ ಇಲ್ಲ. ಅದಕ್ಕೇ ಉಜ್ಜಿದಾಗ ನೇರವಾಗಿ ಕೆಂಪೇ ಬಟ್ಟೆಗೆ ಬರುತ್ತಿತ್ತು.

ಹಾಗಾದರೆ ಪಾಲಿಶ್ ಮಾಡಿದರೆ ಗೀರು ಮಾಯವಾಗುವುದು ಹೇಗೆ? ನಾನು ಇಷ್ಟು ವರ್ಷ ಗೀರು ತುಂಬಿಕೊಳ್ಳುತ್ತದೆ ಎಂದೇ ನಂಬಿದ್ದೆ. ತುಂಬುವುದಿಲ್ಲ. ಗೀರಿನ ಅಕ್ಕಪಕ್ಕದ ಎತ್ತರವನ್ನು ಗೀರಿನ ಆಳದವರೆಗೆ ಕೆರೆದು ಇಳಿಸುತ್ತಾರೆ. ಮೇಲ್ಮೈ ಸಮವಾದಾಗ ಬೆಳಕು ಚದುರದೆ ಕನ್ನಡಿಯಂತೆ ಮರಳುತ್ತದೆ. ಅದೇ ಹೊಳಪು. ಹಗುರವಾಗಿ ಪಾಲಿಶ್ ಮಾಡಿದರೆ ಒಂದೆರಡು ಮೈಕ್ರಾನ್ ಹೋಗಬಹುದು, ಒರಟು ಕಾಂಪೌಂಡ್ ಹಾಕಿದರೆ ಇನ್ನೂ ಹೆಚ್ಚು. ಏಣುಗಳಲ್ಲಿ ಬಟ್ಟೆಯ ಒತ್ತಡ ಒಂದೇ ಗೆರೆಯ ಮೇಲೆ ಬೀಳುವುದರಿಂದ ಅಲ್ಲಿ ಬೇಗ ಸವೆಯುತ್ತದೆ. ನಮ್ಮ ಬಾನೆಟ್ಟಿನ 38 ಬಂದದ್ದು ಹೀಗೆ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಕಾರಿನ ಬಣ್ಣ ಒಂದು ವಿಚಿತ್ರ ಖಾತೆ. ಮೊದಲ ದಿನ ಕಾರ್ಖಾನೆಯವರು ಹಣ ಕಟ್ಟಿರುತ್ತಾರೆ. ಆಮೇಲೆ ಬರೀ ಹಣ ತೆಗೆಯುವ ಚೀಟಿ ಮಾತ್ರ, ಕಟ್ಟುವ ಚೀಟಿ ಇಲ್ಲ. ನಾನು ಪ್ರೀತಿಯಿಂದ ತಿಂಗಳು ತಿಂಗಳೂ ತೆಗೆಯುತ್ತಾ ಹೋದೆ, ಪಾಸ್‌ಬುಕ್ ನೋಡಲಿಲ್ಲ.

"ಮೇಲೆ ಹೊಸ ಪದರ ಹಾಕಿದರೆ ಆಯಿತಲ್ಲ? ಸೆರಾಮಿಕ್ ಅಂತೆ, 9ಎಚ್ ಅಂತೆ, ವಜ್ರದ ಹತ್ತಿರ ಹತ್ತಿರ ಗಟ್ಟಿಯಂತೆ" ಎಂದೆ. ಜಾಹೀರಾತು ನಾನೂ ಓದಿದ್ದೆ.

ಅವನು ನಕ್ಕು ಮೊಮ್ಮಗಳನ್ನು ಕೇಳಿದ: "ಪುಟ್ಟಾ, ನಿನ್ನ ಪೆನ್ಸಿಲ್ ಮೇಲೆ ಏನು ಬರೆದಿದೆ?" ಅವಳು ನೋಡಿ "ಎಚ್‌ಬಿ" ಎಂದಳು. 9ಎಚ್‌ನ ಎಚ್ ಕೂಡ ಪೆನ್ಸಿಲ್ಲಿನದೇ ಎಂದು ಆಗ ತಿಳಿಯಿತು! ಬಣ್ಣದ ಗಟ್ಟಿತನ ಪರೀಕ್ಷಿಸಲು ಮೆದು ಪೆನ್ಸಿಲ್ಲಿನಿಂದ ಗಟ್ಟಿ ಪೆನ್ಸಿಲ್ಲಿನವರೆಗೆ ಒಂದೊಂದಾಗಿ ಗೀಚಿ ನೋಡುತ್ತಾರೆ. 9ಎಚ್ ಪೆನ್ಸಿಲ್ಲಿಗೂ ಗೀರು ಬೀಳದಿದ್ದರೆ 9ಎಚ್. ವಜ್ರಕ್ಕೆ 10 ಅಂಕ ಕೊಡುವುದು ಮೋಸ್ ಎಂಬ ಬೇರೆಯೇ ಅಳತೆಯಲ್ಲಿ. ಆ ಅಳತೆಯಲ್ಲಿ ಮರಳಿನಲ್ಲಿರುವ ಬೆಣಚುಕಲ್ಲಿಗೆ 7. ಪೆನ್ಸಿಲ್ಲಿನ ಸೀಸ ಅದರ ಹತ್ತಿರಕ್ಕೂ ಬರುವುದಿಲ್ಲ. ರಸ್ತೆಯ ಧೂಳಿನಲ್ಲಿ ಇರುವುದು ಆ ಬೆಣಚಿನ ಪುಡಿಯೇ. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದ ಹಾಗೆ. ದಿನಾ ಬೆಳಗ್ಗೆ ಒಣ ಬಟ್ಟೆ ಹಿಡಿದು ಕಾರು ಒರೆಸುವ ನನ್ನಂಥ ಅಜ್ಜಂದಿರು ದಯವಿಟ್ಟು ಗಮನಿಸಬೇಕು.

ಒಂದೊಂದು ರಕ್ಷಣೆಗೂ ಅದರದೇ ಮಿತಿ ಇದೆ. ಮೇಣ ಹಳೆಯ ಪದ್ಧತಿ. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಯಿಂದ ಬರುವ ಕಾರ್ನೌಬಾ ಮೇಣ ಇದಕ್ಕೆ ಹೆಸರುವಾಸಿ. ಹಚ್ಚಿದರೆ ನೀರು ಮುತ್ತಾಗಿ ಜಾರುತ್ತದೆ, ಆದರೆ ಕೆಲವು ವಾರಗಳಲ್ಲಿ ತೊಳೆದು ಹೋಗುತ್ತದೆ. ಸೆರಾಮಿಕ್ ಪದರ ಹೆಚ್ಚು ಕಾಲ ನಿಲ್ಲುತ್ತದೆ, ಕೊಳೆ ಅಂಟುವುದು ಕಡಿಮೆ. ಆದರೆ ಅದರ ದಪ್ಪ ಒಂದೆರಡು ಮೈಕ್ರಾನ್, ಹಾರಿಬರುವ ಜಲ್ಲಿಕಲ್ಲನ್ನು ಅದು ತಡೆಯುವುದಿಲ್ಲ. ಕಲ್ಲೇಟು ತಡೆಯುವುದು ಪಿಪಿಎಫ್ ಎಂಬ ಪಾರದರ್ಶಕ ಪಾಲಿಯುರೆಥೇನ್ ಹಾಳೆ, 150ರಿಂದ 200 ಮೈಕ್ರಾನ್ ದಪ್ಪದ್ದು. ಅದಕ್ಕೆ ಬೆಲೆ ಜಾಸ್ತಿ. ಅದೂ ಅಲ್ಲದೆ ಸವೆದ, ಸಡಿಲಾದ ಬಣ್ಣದ ಮೇಲೆ ಅಂಟಿಸಿದರೆ ಮುಂದೆ ಕೀಳುವಾಗ ಬಣ್ಣವೂ ಜೊತೆಗೆ ಎದ್ದು ಬರಬಹುದು.

"ಹಾಗಾಗಿ ಸರ್, ಈ ಬಾನೆಟ್ಟಿಗೆ ನಾನು ಯಂತ್ರ ಮುಟ್ಟಿಸಲ್ಲ. ಇವತ್ತು ಹೊಳೆಯುತ್ತೆ, ನೀವು ಖುಷಿಯಾಗಿ ದುಡ್ಡೂ ಕೊಡ್ತೀರಿ. ಮುಂದಿನ ಹಬ್ಬಕ್ಕೆ ಪ್ರೈಮರು ಕಾಣುತ್ತೆ" ಎಂದ. ಬಂದ ವ್ಯಾಪಾರವನ್ನು ಬೇಡ ಎನ್ನುವವರು ಅಪರೂಪ. ಅವನ ಮೇಲೆ ನನಗೆ ಗೌರವ ಹುಟ್ಟಿತು.

ನಾವು ಕೂತಿದ್ದಾಗಲೇ ಇನ್ನೊಬ್ಬರು ಹೊಸ ಕಾರು ತಂದರು. ಗಾಜಿಗೆಲ್ಲ ಕಪ್ಪು ಫಿಲ್ಮ್ ಬೇಕಂತೆ, ಸ್ಟೀರಿಂಗ್‌ನಿಂದ ಪೆಡಲ್‌ವರೆಗೆ ಎಲ್ಲವೂ ಮಿರಮಿರ ಮಿಂಚಬೇಕಂತೆ. ಹುಡುಗ ಎರಡನ್ನೂ ಒಪ್ಪಲಿಲ್ಲ. ಕಪ್ಪು ಫಿಲ್ಮನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿದೆ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜುಗಳಲ್ಲಿ ಶೇ. 50 ಬೆಳಕು ಹಾಯಬೇಕೆಂಬುದು ನಿಯಮ. ಇನ್ನು ಡ್ಯಾಶ್‌ಬೋರ್ಡಿಗೆ ಹಚ್ಚುವ ಹೊಳಪಿನ ದ್ರವಗಳಲ್ಲಿ ಜಾರುವ ಸಿಲಿಕಾನ್ ಎಣ್ಣೆ ಇರುವುದುಂಟು. "ಸ್ಟೀರಿಂಗ್, ಪೆಡಲ್, ಬೈಕಿನ ಸೀಟು, ಟೈರು ನೆಲಕ್ಕೆ ತಾಗುವ ಜಾಗ, ಬ್ರೇಕ್ ಡಿಸ್ಕ್, ಇಷ್ಟಕ್ಕೆ ಮಾತ್ರ ಯಾವ ಪಾಲಿಶೂ ಇಲ್ಲ ಸರ್" ಎಂದು ಖಡಾಖಂಡಿತವಾಗಿ ಹೇಳಿದ.

ನಾನು ತಲೆ ತಗ್ಗಿಸಿದೆ. ಈಗ ಇಲ್ಲಿ ಒಂದು ತಪ್ಪೊಪ್ಪಿಗೆ.

ಹತ್ತು ವರ್ಷದ ಹಿಂದಿನ ಆಯುಧಪೂಜೆ. ಡ್ಯಾಶ್‌ಬೋರ್ಡಿಗೆ ಹಚ್ಚಿ ಮಿಕ್ಕ ದ್ರವವನ್ನು ದಂಡ ಮಾಡುವುದೇಕೆಂದು ಪೆಡಲ್‌ಗಳಿಗೂ ಸವರಿದ್ದೆ. ಪೂಜೆಗೆಂದು ಕಾರನ್ನು ಇಳಿಜಾರಿನಲ್ಲಿ ಗೇಟಿನತ್ತ ಬಿಟ್ಟುಕೊಂಡು ಬಂದಾಗ ಪಾದ ಬ್ರೇಕಿನಿಂದ ಜಾರಿತು. ಬಂಪರು ಗೇಟಿನ ಕಂಬಕ್ಕೆ ಬಡಿದು ನಿಂತಿತು. ಅದೇ ಕಂಬದ ಬುಡದಲ್ಲಿ ಐದು ನಿಮಿಷ ಮೊದಲು ನನ್ನ ಹೆಂಡತಿ ಕೂತು ರಂಗೋಲಿ ಹಾಕುತ್ತಿದ್ದಳು. ಕುಂಕುಮದ ಬಟ್ಟಲು ತರಲು ಒಳಗೆ ಹೋಗಿದ್ದಳು, ಅಷ್ಟೇ. ಎಲ್ಲರಿಗೂ "ಬ್ರೇಕ್ ಹಿಡಿಯಲಿಲ್ಲ" ಎಂದು ಹೇಳಿದೆ. ಪಾಪ, ಮೆಕ್ಯಾನಿಕ್‌ನನ್ನು ಕರೆಸಿ ಬೈದೂ ಬೈದೆ. ಅವನು ಬ್ರೇಕ್ ಸರಿಯಾಗೇ ಇದೆ ಸಾರ್ ಎಂದರೂ ಕೇಳಲಿಲ್ಲ. ಪೆಡಲ್‌ಗಳನ್ನು ರಾತ್ರಿ ಯಾರಿಗೂ ಕಾಣದಂತೆ ಸೋಪು ನೀರಿನಲ್ಲಿ ತೊಳೆದೆ.

ಇದನ್ನು ಮೊನ್ನೆ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ದೇವರ ಕೋಣೆಯಿಂದ ತನ್ನ ಕುಂಕುಮದ ಭರಣಿ ತಂದು ಮೊಮ್ಮಗಳ ಕೈಗಿಟ್ಟಳು. ಬೆಳ್ಳಿಯ ಲೇಪ ಕೊಟ್ಟ ಹಿತ್ತಾಳೆಯ ಭರಣಿ. ಅದರ ಹೊಟ್ಟೆಯ ಸುತ್ತ ಬೆಳ್ಳಿ ಹೋಗಿ ಹಳದಿ ಕಾಣುತ್ತಿತ್ತು. "ಹೊಸ ಸೊಸೆಯಾಗಿ ಬಂದಾಗ ಹೊಳೆಯಲಿ ಅಂತ ಬೂದಿ ಹಾಕಿ ನಾನೂ ತಿಕ್ಕಿದ್ದೆ ಕಣೆ. ನಮ್ಮತ್ತೆ ಬೈದ ಮೇಲೆ ನಿಲ್ಲಿಸಿದೆ. ನಿಮ್ಮ ತಾತನಿಗೆ ನಾನು ಎಷ್ಟು ಸಲ ಹೇಳಿದರೂ ಕೇಳಲಿಲ್ಲ" ಎಂದಳು. ನನ್ನ ಕಡೆ ತಿರುಗಿ, "ಆ ಮೆಕ್ಯಾನಿಕ್ಕಿಗೆ ಹಬ್ಬಕ್ಕೆ ಹೋಳಿಗೆ ಕೊಟ್ಟು ಬನ್ನಿ, ನಿಜ ಹೇಳಿ ಬನ್ನಿ" ಎಂದಳು. ಹೋಗಲೇಬೇಕು.

ಕಾರು ಈಗ ಮನೆಗೆ ಬಂದಿದೆ. ಬಾಗಿಲುಗಳಿಗೆ ಹಗುರ ಪಾಲಿಶ್, ಬಾನೆಟ್ಟಿಗೆ ಬರೀ ಮೇಣ. ಬಾನೆಟ್ಟು ಇನ್ನೂ ರೋಸ್‌ಮಿಲ್ಕೇ, ಸ್ವಲ್ಪ ಗಟ್ಟಿ ರೋಸ್‌ಮಿಲ್ಕ್. ಇರಲಿ ಬಿಡಿ.

ಮಕ್ಕಳೇ, ಈ ಹಬ್ಬಕ್ಕೆ ಮನೆಯ ಗಾಡಿ ತೊಳೆಯುವ ಕೆಲಸ ನಿಮ್ಮದಾದರೆ ಇಷ್ಟು ನೆನಪಿಡಿ. ಬಿಸಿಲಿನಲ್ಲಿ ಬೇಡ, ನೆರಳಿನಲ್ಲಿ ತೊಳೆಯಿರಿ. ಮೊದಲು ಬರೀ ನೀರು ಸುರಿದು ಧೂಳನ್ನು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸಿ. ಬಕೆಟ್ ಎರಡಿರಲಿ, ಒಂದು ಶಾಂಪೂ ನೀರಿಗೆ, ಒಂದು ಕೊಳೆ ಬಟ್ಟೆ ಜಾಲಿಸಲಿಕ್ಕೆ. ಚಾವಣಿಯಿಂದ ಶುರುಮಾಡಿ, ಚಕ್ರ ಕೊನೆಗೆ. ಹಕ್ಕಿ ಹಿಕ್ಕೆ ಕಂಡರೆ ಕೆರೆಯಬೇಡಿ. ಅದರಲ್ಲಿ ಬಣ್ಣ ತಿನ್ನುವ ಆಮ್ಲ ಇರುತ್ತದೆ, ಒದ್ದೆ ಬಟ್ಟೆ ಇಟ್ಟು ನೆನೆಸಿ ಮೆಲ್ಲಗೆ ಎತ್ತಿ. ಚಕ್ರ ತೊಳೆಯುವ ಆಮ್ಲದ ದ್ರವಗಳನ್ನು ನೀವು ಮುಟ್ಟಲೇಬೇಡಿ, ದೊಡ್ಡವರೂ ಕೈಗವಸು ಹಾಕಿಕೊಳ್ಳಲಿ. ಪೂಜೆಯ ಅರಿಶಿನ ಕುಂಕುಮವನ್ನು ಮಾರನೆಯ ದಿನವೇ ನೀರಿನಲ್ಲಿ ತೊಳೆದುಬಿಡಿ.

ಕೊನೆಯಲ್ಲಿ, ಅಜ್ಜನೋ ಅಪ್ಪನೋ ಹೊಳಪಿನ ದ್ರವ ಹಿಡಿದು ಪೆಡಲ್ ಕಡೆ ಬಗ್ಗಿದರೆ ಕೈ ಹಿಡಿದು ನಿಲ್ಲಿಸಿ. ಅಜ್ಜ ಕೋಪಿಸಿಕೊಂಡರೆ ಈ ಪುಟ ತೆಗೆದು ತೋರಿಸಿ.