ಹಿಮನದಿಯ ಯಾತ್ರೆಗೆ ಯಾವ ಹಾದಿ?

ಅಲಾಸ್ಕದ ಕರಾವಳಿಗೆ ಹಡಗಿನಲ್ಲಿ ಹೊರಡುವವರು ಎಷ್ಟು ರೇವುಗಳಲ್ಲಿ ಇಳಿಯಬಹುದೆಂದು ಎಣಿಸಿ ಹಾದಿಯನ್ನು ಆರಿಸುವುದುಂಟು. ಈ ಎಣಿಕೆ ಸಲ್ಲದೆಂದು ನಮ್ಮ ಮತ.

ಗ್ಲೇಸಿಯರ್ ಕೊಲ್ಲಿಯನ್ನು ನೋಡಿರಿ. 1794ರಲ್ಲಿ ವ್ಯಾಂಕೂವರನ ನಾವಿಕರು ಬಂದಾಗ ಅದರ ಬಹುಭಾಗ ಹಿಮದಿಂದ ತುಂಬಿತ್ತು. 1916ರ ವೇಳೆಗೆ ಹಿಮದ ಅಂಚು ಸುಮಾರು 100 ಕಿಲೋಮೀಟರು ಹಿಂದೆ ಸರಿದಿತ್ತು. ವಾಯವ್ಯದ ಹಬ್ಬರ್ಡ್ ಹಿಮನದಿಯಾದರೋ ಮುಂದೊತ್ತಿ ಬಂದು 1986ರಲ್ಲಿಯೂ 2002ರಲ್ಲಿಯೂ ರಸೆಲ್ ಫಿಯರ್ಡಿನ ಬಾಯನ್ನೇ ಮುಚ್ಚಿತು. ಬೆಟ್ಟದ ಮೇಲೆ ಬೀಳುವ ಹಿಮವೇ ಜಮೆ. ಕರಗಿ, ಮುರಿದು ಕಡಲಿಗೆ ಸೇರುವುದೇ ಖರ್ಚು.

ಅಲಾಸ್ಕದ ಹೆಚ್ಚಿನ ಹಿಮನದಿಗಳು ಇಂದು ಕ್ಷೀಣಿಸುತ್ತಿವೆ. ಅಪವಾದವನ್ನು ಮಾತ್ರ ಕಂಡವನು ಅದನ್ನೇ ನಿಯಮವೆಂದು ಭ್ರಮಿಸಿಯಾನು. ಆದುದರಿಂದ ಎರಡನ್ನೂ ತೋರಿಸುವ ಹಾದಿ ದೊರೆತರೆ, ಒಂದು ರೇವನ್ನು ಬಿಟ್ಟಾದರೂ ಅದನ್ನೇ ಹಿಡಿಯುವುದು ಲೇಸು.