ಅಚ್ಚಾದ ಕಾರ್ಡಿಗೆ ಪ್ಯಾಚ್ ಇಲ್ಲ

ಹಗಲೆಲ್ಲ ಆಫೀಸಿನಲ್ಲಿ ಪ್ಯಾಚ್ ಹಾಕೋದು, ರಾತ್ರಿ ‘ಮ್ಯಾಜಿಕ್: ದ ಗ್ಯಾದರಿಂಗ್ ಅರೀನಾ’ ಆಡೋದು.. ನನ್ನ ದಿನಚರಿ ಇಷ್ಟೇ. ಅರೀನಾ ಕಂಪ್ಯೂಟರಿನ ಆಟವಾದರೂ ಅದರ ಹೆಚ್ಚಿನ ಕಾರ್ಡುಗಳು ಕಾಗದದ ಮೇಲೂ ಅಚ್ಚಾಗುತ್ತವೆ. ಹಾಗಾಗಿ ತಪ್ಪಾದರೆ ಸುಮ್ಮನೆ ತಿದ್ದುವ ಹಾಗಿಲ್ಲ. ‘ಹಾರ್ತ್‌ಸ್ಟೋನ್’ಗೆ ಕಾಗದದ ಹಂಗಿಲ್ಲ, 2014ರಲ್ಲಿ ಲೀರಾಯ್ ಜೆಂಕಿನ್ಸ್ ಕಾರ್ಡಿನ ಹಾವಳಿ ಹೆಚ್ಚಾಯ್ತು ಅಂತ ಅದನ್ನು ಆಡುವ ಬೆಲೆಯನ್ನು 4 ಮಾನಾದಿಂದ 5ಕ್ಕೆ ಏರಿಸಿದರು, ಮುಗೀತು. ಮ್ಯಾಜಿಕ್‌ನಲ್ಲಿ ‘ಓಕೋ’ ಹೀಗೇ ಕಾಟ ಕೊಟ್ಟಾಗ 2019ರ ನವೆಂಬರಿನಲ್ಲಿ ಸ್ಟ್ಯಾಂಡರ್ಡ್ ಪಂದ್ಯಗಳಿಂದ ನಿಷೇಧಿಸಬೇಕಾಯ್ತು.

2020ರ ‘ಕಂಪ್ಯಾನಿಯನ್’ ಕಥೆ ಇನ್ನೂ ಮಜಾ. ಡೆಕ್ಕಿನ ಹೊರಗಿಂದ ನೇರವಾಗಿ ಆಡಬಹುದಾದ ಕಾರ್ಡುಗಳವು. ಜೂನ್‌ನಲ್ಲಿ ನಿಯಮವನ್ನೇ ಬದಲಿಸಿದರು: ಮೊದಲು 3 ಮಾನಾ ಖರ್ಚು ಮಾಡಿ ಕೈಗೆ ತಗೋಬೇಕು, ಆಮೇಲೆ ಆಟ. ಆಗ ಅಚ್ಚಾದ ಕಾರ್ಡುಗಳು ಇವತ್ತಿಗೂ ಹಳೇದನ್ನೇ ಹೇಳುತ್ತವೆ! (ಹಳೇ ಡಾಕ್ಯುಮೆಂಟು, ಹೊಸ ಕೋಡು.. ನಮಗೇನು ಹೊಸದಾ :) )

2021ರ ಡಿಸೆಂಬರಿನಲ್ಲಿ ಅರೀನಾಕ್ಕೆ ‘ಆಲ್ಕೆಮಿ’ ಬಂತು. ಅಲ್ಲಿ ಕಾರ್ಡನ್ನು ತಿದ್ದಬಹುದು. ಕೆಲವು ಕಾರ್ಡುಗಳಿಗೆ ಸಿಕ್ಕ ಬಲ, ಅವು ಡೆಕ್ಕಿಗೆ ಮರಳಿದರೂ ಆಟ ಮುಗಿಯೋವರೆಗೆ ಉಳಿಯುತ್ತೆ. ಕಾಗದದಲ್ಲಾದರೆ ಅದನ್ನೆಲ್ಲ ನೆನಪಿಡೋರು ಯಾರು?

ಇಂಜಿನಿಯರ್ ಆಗಿ ನಾನು ಆಲ್ಕೆಮಿ ಪರ ಇರಬೇಕಿತ್ತು. ಆದರೆ ಸ್ವಲ್ಪ ದಿನ ಆಡಿ ಬಿಟ್ಟೆ. ತಿಂಗಳುಗಟ್ಟಲೆ ಆಡಿ ಪಳಗಿಸಿಕೊಂಡ ಕಾರ್ಡು ಒಂದು ಬೆಳಿಗ್ಗೆ ಬೇರೆಯೇ ಆಗಿದ್ದರೆ ಅದು ನನ್ನದು ಹೇಗಾಯ್ತು? ನಿಷೇಧವಾದ ಓಕೋನ ಮನೆಯಲ್ಲಿ ಗೆಳೆಯನ ಜೊತೆಗಾದರೂ ಆಡಬಹುದು. ಇನ್ಮೇಲೆ ದುಡ್ಡು ಹಾಕಿದರೆ ಕಾಗದಕ್ಕೇ ಅಂತ ಇದ್ದೀನಿ. ನೀವೇನಂತೀರಿ?